ನೀರೇ ಹೆಚ್ಚಾದ ಬಾವಿಯಲ್ಲಿ ತೈಲ ಇನ್ನೆಷ್ಟು ದಿನ?

ನೆಲದಡಿಗೆ ನೀರು ಒತ್ತಿ ತೈಲವನ್ನು ಬಾವಿಯತ್ತ ತಳ್ಳಿ ತೆಗೆಯುವ ಹಳೆಯ ನಿಕ್ಷೇಪಗಳ ಇಳುವರಿಯನ್ನು ಮುಂಚಿತವಾಗಿ ಅಂದಾಜು ಮಾಡುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪತ್ರಗಳನ್ನು ಒಟ್ಟು ಮಾಡಿದ್ದೇವೆ. ಪದಗಳ ವಿಷಯದಲ್ಲಿ ಒಂದು ಮಾತು: 'ದ್ರವ' ಎಂದರೆ ಬಾವಿಯಿಂದ ಮೇಲೆ ಬರುವ ತೈಲ ಮತ್ತು ನೀರು ಸೇರಿ. ಅದರಲ್ಲಿ ನೀರಿನ ಪಾಲು ವಾಟರ್ ಕಟ್. ಒಂದು ಪಾಲು ತೈಲಕ್ಕೆ ಎಷ್ಟು ಪಾಲು ನೀರು ಎಂಬುದು ನೀರು-ತೈಲ ಅನುಪಾತ. ವಾಟರ್ ಕಟ್ ಶೇ 90 ಎಂದರೆ ಈ ಅನುಪಾತ 9.

ಪ್ರಶ್ನೆ: ಇಪ್ಪತ್ತು ವರ್ಷದಿಂದ ನೀರು ಒತ್ತುತ್ತಿರುವ ನಿಕ್ಷೇಪ. ಕಳೆದ ಮೂರು ವರ್ಷದ ತೈಲದ ದರವನ್ನು ಸೆಮಿಲಾಗ್ ಗ್ರಾಫಿನಲ್ಲಿ (ಒಂದು ಅಕ್ಷ ಮಾತ್ರ ಲಾಗರಿದಮ್ ಅಳತೆಯದು) ಗುರುತಿಸಿದರೆ ಅಚ್ಚುಕಟ್ಟಾದ ನೇರ ಗೆರೆ ಸಿಗುತ್ತದೆ. ಅದನ್ನೇ ಮುಂದಕ್ಕೆ ಎಳೆದರೆ ಆರೇಳು ತಿಂಗಳಲ್ಲಿ ಲೆಕ್ಕ ಹಳಿ ತಪ್ಪುತ್ತದೆ. ಗೆರೆ ಅಷ್ಟು ಚೆನ್ನಾಗಿ ಕೂತಿರುವಾಗ ಹೀಗೇಕೆ?

ಉತ್ತರ: ಗೆರೆ ಚೆನ್ನಾಗಿ ಕೂತಿದ್ದು ಕಾಕತಾಳೀಯ. ತೈಲದ ದರ ಎಂಬುದು ಸ್ವತಂತ್ರ ಸಂಖ್ಯೆಯಲ್ಲ, ಎರಡು ಸಂಖ್ಯೆಗಳ ಗುಣಲಬ್ಧ: ದ್ರವದ ದರ ಒಂದು, ಆ ದ್ರವದಲ್ಲಿ ತೈಲದ ಪಾಲು ಇನ್ನೊಂದು. ದ್ರವದ ದರ ನಿಮ್ಮ ಕೈಯಲ್ಲಿದೆ; ಪಂಪಿನ ಗಾತ್ರ, ಚೋಕ್ (ಹರಿವನ್ನು ಹಿಡಿತದಲ್ಲಿಡುವ ಕವಾಟ), ಒತ್ತುವ ನೀರಿನ ಪ್ರಮಾಣ, ಬಾವಿ ನಿಂತ ದಿನಗಳು ಇವೆಲ್ಲ ಅದನ್ನು ಏರಿಳಿಸುತ್ತವೆ. ತೈಲದ ಪಾಲು ಮಾತ್ರ ಬಂಡೆಯ ಕೈಯಲ್ಲಿದೆ. ಎಷ್ಟು ನೀರು ಹಾದುಹೋಗಿದೆ ಎಂಬುದರ ಮೇಲೆ ಅದು ನಡೆಯುತ್ತದೆಯೇ ಹೊರತು ಕ್ಯಾಲೆಂಡರಿನ ಮೇಲಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಇವೆರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿರುವಾಗ ಮೂರು ವರ್ಷ ಒಂದು ನೇರ ಗೆರೆ ಮೂಡಿದ್ದರೆ ಅದು ನಾಳೆಗೂ ಉಳಿಯಬೇಕೆಂಬ ನಿಯಮವಿಲ್ಲ.

ತೈಲ ಎಂಜಿನಿಯರ್ ಆರ್ಪ್ಸ್ 1945ರಲ್ಲಿ ಕೊಟ್ಟ ಇಳಿಕೆಯ ಮೂರು ವಕ್ರರೇಖೆಗಳು (ಎಕ್ಸ್‌ಪೊನೆನ್ಷಿಯಲ್, ಹೈಪರ್ಬೋಲಿಕ್, ಹಾರ್ಮೋನಿಕ್) ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಇಳಿಕೆಯ ಶೇಕಡಾ ಪ್ರಮಾಣ ಬದಲಾಗದು, ಕೊನೆಯದರಲ್ಲಿ ದರ ತಗ್ಗಿದಂತೆ ಅದೂ ತಗ್ಗುತ್ತದೆ, ನಡುವಿನದು ಇವೆರಡರ ಮಧ್ಯೆ. ಅವುಗಳ ಹಿಂದೆ ಒಂದು ಷರತ್ತು ಇದೆ: ಬಾವಿಯನ್ನು ಇಲ್ಲಿಯವರೆಗೆ ನಡೆಸಿದ ಹಾಗೆಯೇ ಮುಂದೆಯೂ ನಡೆಸಬೇಕು. ನೀರು ಒತ್ತುವ ಕಡೆ ಈ ಷರತ್ತು ತಿಂಗಳಿಗೊಮ್ಮೆ ಮುರಿಯುತ್ತದೆ.

ಹಾಗಾಗಿ ಮೊದಲು ಎರಡನ್ನೂ ಬೇರ್ಪಡಿಸಿ. ಒಂದು ಗ್ರಾಫಿನಲ್ಲಿ ದ್ರವದ ದರ, ಕಾಲದ ಎದುರು. ಇನ್ನೊಂದರಲ್ಲಿ ಅನುಪಾತಕ್ಕೆ 1 ಕೂಡಿಸಿ ಅದರ ಲಾಗರಿದಮ್, ಇಲ್ಲಿಯವರೆಗೆ ತೆಗೆದ ಒಟ್ಟು ತೈಲದ ಎದುರು. ಇದರಲ್ಲಿ ಕಾಲ ಬರುವುದೇ ಇಲ್ಲ. 1 ಕೂಡಿಸುವುದೇಕೆಂದರೆ, ದ್ರವದ ದರವನ್ನು (ಅನುಪಾತ + 1) ರಿಂದ ಭಾಗಿಸಿದರೆ ಸಿಗುವುದೇ ತೈಲದ ದರ. ಬರೀ ಅನುಪಾತ ಬಳಸಿದರೆ ಕಡಿಮೆ ವಾಟರ್ ಕಟ್ಟಿನಲ್ಲಿ ಗೆರೆ ಬಾಗುತ್ತದೆ.

ಒಂದು ಬಾವಿಯ ಲೆಕ್ಕ ಹಾಕೋಣ. ದ್ರವ ದಿನಕ್ಕೆ 200 ಘನ ಮೀಟರ್, ವಾಟರ್ ಕಟ್ ಶೇ 90, ಅಂದರೆ ತೈಲ 20 ಘನ ಮೀಟರ್. ಎರಡನೇ ಗ್ರಾಫಿನ ಇಳಿಜಾರು ಪ್ರತಿ ಘನ ಮೀಟರ್ ತೈಲಕ್ಕೆ 0.00002 ಎಂದಿಟ್ಟುಕೊಳ್ಳಿ (ನೈಸರ್ಗಿಕ ಲಾಗರಿದಮ್‌ನಲ್ಲಿ). ಇಳಿಜಾರನ್ನು ಇಂದಿನ ತೈಲದ ದರದಿಂದ ಗುಣಿಸಿದರೆ ಇಂದಿನ ಇಳಿಕೆ ಸಿಗುತ್ತದೆ: ದಿನಕ್ಕೆ 0.0004, ವರ್ಷಕ್ಕೆ ಸುಮಾರು ಶೇ 14.6. ಈ ಸಂಖ್ಯೆಯನ್ನು ಎಕ್ಸ್‌ಪೊನೆನ್ಷಿಯಲ್ ರೇಖೆಗೆ ಹಾಕಿದರೆ ಹತ್ತು ವರ್ಷದ ಮೇಲೆ ತೈಲ ದಿನಕ್ಕೆ 4.6 ಘನ ಮೀಟರ್. ಆದರೆ ದ್ರವದ ದರ ಸ್ಥಿರವಾಗಿದ್ದು ಎರಡನೇ ಗ್ರಾಫ್ ನೇರವಾಗಿದ್ದರೆ ಗಣಿತ ಕೊಡುವುದು ಹಾರ್ಮೋನಿಕ್ ರೇಖೆಯನ್ನೇ, ಬೇರೆ ಯಾವುದನ್ನೂ ಅಲ್ಲ. ಅದರ ಪ್ರಕಾರ ಹತ್ತು ವರ್ಷದ ಮೇಲೆ 8.1. ವಾಟರ್ ಕಟ್ ಶೇ 98 ತಲುಪಿದಾಗ, ಅಂದರೆ ತೈಲ 4 ಘನ ಮೀಟರಿಗೆ ಇಳಿದಾಗ ನಿಲ್ಲಿಸುವುದಾದರೆ ಎಕ್ಸ್‌ಪೊನೆನ್ಷಿಯಲ್ ಲೆಕ್ಕದಲ್ಲಿ ಇನ್ನು ಸಿಗುವುದು 40,000 ಘನ ಮೀಟರ್, 11 ವರ್ಷದಲ್ಲಿ. ಹಾರ್ಮೋನಿಕ್ ಲೆಕ್ಕದಲ್ಲಿ ಸುಮಾರು 80,500, 27 ವರ್ಷದಲ್ಲಿ. ಬಾವಿ ಅದೇ, ಇಂದಿನ ಇಳಿಕೆಯೂ ಅದೇ. ಉಳಿದ ತೈಲ ಮಾತ್ರ ಎರಡು ಪಟ್ಟು.

ಇದನ್ನು ಓದಿ ಹಾರ್ಮೋನಿಕ್ ಹಿಡಿದು ಓಡಬೇಡಿ. ಮೇಲಿನ ಸಂಬಂಧವನ್ನು ಸ್ವಲ್ಪ ತಿರುಗಿಸಿದರೆ ಇನ್ನೊಂದು ಉಪಯುಕ್ತ ಸಂಗತಿ ಹೊರಬೀಳುತ್ತದೆ: (ಅನುಪಾತ + 1) ಒಟ್ಟು ದ್ರವದ ಜೊತೆ ನೇರವಾಗಿ ಏರುತ್ತದೆ. ನಮ್ಮ ಬಾವಿಯಲ್ಲಿ ಪ್ರತಿ 50,000 ಘನ ಮೀಟರ್ ದ್ರವಕ್ಕೆ ಅದು 1ರಷ್ಟು ಹೆಚ್ಚುತ್ತದೆ. ಇಂದು ಅದು 10. ಶೇ 98ಕ್ಕೆ 50 ಆಗಬೇಕು. ಅಂದರೆ ಇನ್ನೂ 20 ಲಕ್ಷ ಘನ ಮೀಟರ್ ದ್ರವ ಎತ್ತಬೇಕು. ಪಂಪು ಸವೆದು, ನೀರು ಒತ್ತುವ ಬಾವಿ (ಇಂಜೆಕ್ಷನ್ ಬಾವಿ) ಕಸದಿಂದ ಕಟ್ಟಿಕೊಂಡು ದ್ರವದ ದರವೇ ವರ್ಷಕ್ಕೆ ಶೇ 10ರಂತೆ ಇಳಿಯುತ್ತಿದ್ದರೆ ಆ ಬಾವಿಯಿಂದ ಎಷ್ಟು ಕಾಲ ಕಾದರೂ ಬರುವ ದ್ರವ ಸುಮಾರು 7 ಲಕ್ಷ ಘನ ಮೀಟರ್ ಮಾತ್ರ. ಆಗ ಸಿಗುವ ತೈಲ 44 ಸಾವಿರದ ಹತ್ತಿರ. ಶೇ 98ರ ಗಡಿಯನ್ನು ಆ ಬಾವಿ ಕಾಣುವುದೇ ಇಲ್ಲ. ನಿಮ್ಮ ಅಂದಾಜು ತಪ್ಪುತ್ತಿರುವುದು ಬಹುಶಃ ಇಲ್ಲೇ. ವಾಟರ್ ಕಟ್ಟಿನ ಗೆರೆ ಸರಿಯಾಗಿಯೇ ಇರುತ್ತದೆ, ದ್ರವದ ದರ ಏನಾಗುತ್ತದೆಂದು ಯಾರೂ ಬರೆದಿಟ್ಟಿರುವುದಿಲ್ಲ.

ಪ್ರಶ್ನೆ: ಹಾಗಾದರೆ ದೊಡ್ಡ ಪಂಪು ಇಳಿಸಿ ದ್ರವ ಹೆಚ್ಚಿಸಿದರೆ ಉಳಿದ ತೈಲವೂ ಹೆಚ್ಚಾಗುತ್ತದೆಯೇ?

ಉತ್ತರ: ಅದೇ ಬಾವಿಯಲ್ಲಿ ದ್ರವವನ್ನು 300 ಘನ ಮೀಟರಿಗೆ ಏರಿಸಿದರೆ ಮರುದಿನ ತೈಲ 30 ಆಗುತ್ತದೆ. ವಾಟರ್ ಕಟ್ಟಿನ ಗಡಿ ಅದೇ ಶೇ 98 ಆಗಿದ್ದರೆ ಒಟ್ಟು ತೈಲ ಮೊದಲಿನಷ್ಟೇ. 27 ವರ್ಷದ ಕೆಲಸ 18 ವರ್ಷದಲ್ಲಿ ಮುಗಿಯುತ್ತದೆ. ತೈಲವನ್ನು ಬೇಗ ತೆಗೆದಿರಿ, ಹೆಚ್ಚು ತೆಗೆಯಲಿಲ್ಲ. ಗಡಿಯನ್ನು ವಾಟರ್ ಕಟ್ ಬದಲು ದಿನಕ್ಕೆ ಇಷ್ಟು ಘನ ಮೀಟರ್ ತೈಲ ಎಂದು ಇಟ್ಟುಕೊಂಡಿದ್ದರೆ ಮಾತ್ರ ಒಟ್ಟು ಮೊತ್ತವೂ ಸ್ವಲ್ಪ ಏರುತ್ತದೆ. ಹೊಸ ಒತ್ತಡದಲ್ಲಿ ಇದುವರೆಗೆ ಹರಿಯದ ಪದರ ಹರಿಯತೊಡಗಿದರೆ ಎರಡನೇ ಗ್ರಾಫಿನ ಇಳಿಜಾರೇ ಕಡಿಮೆಯಾಗುತ್ತದೆ. ಅದು ಕಂಡರೆ ಆಗ ಹೆಚ್ಚುವರಿ ತೈಲದ ಮಾತಾಡಬಹುದು. ಪಂಪು ಬದಲಿಸಿದ ದಿನದಿಂದ ಗ್ರಾಫಿನ ಚುಕ್ಕೆಗಳಿಗೆ ಬೇರೆ ಬಣ್ಣ ಕೊಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ಎಚ್ಚರಿಕೆ: ದ್ರವ ಹೆಚ್ಚು ಎತ್ತಿದಷ್ಟು ನೀರನ್ನೂ ಹೆಚ್ಚು ಒತ್ತಬೇಕು. ಇಲ್ಲದಿದ್ದರೆ ಒತ್ತಡ ಕುಸಿದು, ಕರಗಿದ ಅನಿಲ ಬಿಡುಗಡೆಯಾಗಿ, ದೊಡ್ಡ ಪಂಪು ಅನಿಲ ತುಂಬಿಕೊಂಡು ನಿಲ್ಲುತ್ತದೆ.

ಪ್ರಶ್ನೆ: ಎಕ್ಸ್-ಪ್ಲಾಟ್ ಎಂಬ ವಿಧಾನ ಬಳಸಿದೆವು. ವಾಟರ್ ಕಟ್ ಶೇ 35 ಇರುವ ಬಾವಿಗಳಿಗೆ ಗೆರೆ ಹಿಂದಕ್ಕೆ ತಿರುಗುತ್ತಿದೆ. ದತ್ತಾಂಶದ ದೋಷವೇ?

ಉತ್ತರ: ದೋಷ ದತ್ತಾಂಶದ್ದಲ್ಲ, ಸೂತ್ರದ ಸ್ವಭಾವ. ಎರ್ಷಾಗಿ ಮತ್ತು ಒಮೊರೆಗಿ 1978ರಲ್ಲಿ ಕೊಟ್ಟ ವಿಧಾನ ಇದು. ವಾಟರ್ ಕಟ್ಟನ್ನು ದಶಮಾಂಶದಲ್ಲಿ ಬರೆದು ಅದರ ವಿಲೋಮ ತೆಗೆದುಕೊಳ್ಳಿ, ಅದರಿಂದ 1 ಕಳೆದು ನೈಸರ್ಗಿಕ ಲಾಗರಿದಮ್ ಮಾಡಿ, ಬಂದದ್ದರಿಂದ ಮತ್ತೆ ಆ ವಿಲೋಮವನ್ನು ಕಳೆಯಿರಿ. ವಾಟರ್ ಕಟ್ 0.5 ಇದ್ದಾಗ ಉತ್ತರ ಸರಿಯಾಗಿ −2. ಅದೇ ಈ ಸೂತ್ರದ ಶಿಖರ. ಅಲ್ಲಿಂದ ಯಾವ ಕಡೆ ಸರಿದರೂ ಬೆಲೆ ಇಳಿಯುತ್ತದೆ. 0.9ಕ್ಕೆ −3.31, 0.95ಕ್ಕೆ −4.00, 0.98ಕ್ಕೆ −4.91. ಶೇ 50 ದಾಟಿದ ಚುಕ್ಕೆಗಳನ್ನು ಮಾತ್ರ ಇಟ್ಟುಕೊಳ್ಳಿ, ಉಳಿದವನ್ನು ಅಳಿಸಿ.

ಇನ್ನೊಂದು ತುದಿಯಲ್ಲೂ ತೊಂದರೆ ಇದೆ. ಈ ವಿಧಾನವೂ ಮೇಲೆ ಹೇಳಿದ ಸೆಮಿಲಾಗ್ ಗೆರೆಯೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಬಂಡೆಯಲ್ಲಿ ತೈಲ ಮತ್ತು ನೀರಿನ ಸಾಪೇಕ್ಷ ಹರಿವಿನ ಅನುಪಾತವು ಬಂಡೆಯ ರಂಧ್ರಗಳಲ್ಲಿ ನೀರು ತುಂಬಿದ ಪಾಲಿನ ಎದುರು ಸೆಮಿಲಾಗ್‌ನಲ್ಲಿ ನೇರವಾಗಿರುತ್ತದೆ ಎಂಬುದು. ನಡುಭಾಗದಲ್ಲಿ ಅದು ನಿಜ. ತೈಲ ಇನ್ನೇನು ಹರಿಯದ ಮಟ್ಟಕ್ಕೆ ಬಂದಾಗ, ಅಂದರೆ ವಾಟರ್ ಕಟ್ ಶೇ 95ರ ಆಸುಪಾಸು ದಾಟಿದ ಮೇಲೆ, ತೈಲದ ಹರಿವು ಆ ಗೆರೆಗಿಂತ ವೇಗವಾಗಿ ಬೀಳುತ್ತದೆ. ಅನುಪಾತದ ಗೆರೆ ಮೇಲಕ್ಕೆ ಬಾಗುತ್ತದೆ. ಶೇ 80ರಿಂದ 92ರವರೆಗಿನ ಚುಕ್ಕೆಗಳಿಂದ ಎಳೆದ ಗೆರೆಯನ್ನು ಶೇ 99ರವರೆಗೆ ನಂಬಿದರೆ ಉಳಿದ ತೈಲ ಇರುವುದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ.

ಪ್ರಶ್ನೆ: ಎರಡನೇ ಗ್ರಾಫಿನ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿವೆ. ಗೆರೆ ಎಲ್ಲಿ ಎಳೆಯಬೇಕೆಂದೇ ತಿಳಿಯುತ್ತಿಲ್ಲ.

ಉತ್ತರ: ಗೆರೆ ಎಳೆಯುವುದನ್ನು ಬಿಟ್ಟು ಮೊದಲು ಅಳತೆಯ ಕಡೆ ಹೋಗಿ. ವಾಟರ್ ಕಟ್ ಶೇ 95 ಇರುವ ಬಾವಿಯಲ್ಲಿ ಅಳತೆ ಒಂದೇ ಒಂದು ಅಂಶ ತಪ್ಪಿ ಶೇ 94 ಎಂದು ಬರೆದರೆ ತೈಲ ಶೇ 20ರಷ್ಟು ಹೆಚ್ಚಿಗೆ ಕಾಣುತ್ತದೆ. ಶೇ 98ರಲ್ಲಿ ಅದೇ ಒಂದು ಅಂಶದ ತಪ್ಪು ಎಂದರೆ ಅರ್ಧದಷ್ಟು ತೈಲ. ನಿಮ್ಮ ಚುಕ್ಕೆಗಳ ಚೆಲ್ಲಾಟ ಬಹುಪಾಲು ಇದೇ.

ತಪ್ಪು ಎಲ್ಲಿಂದ ಬರುತ್ತದೆ? ಹಳೆಯ ಬಾವಿಯಲ್ಲಿ ದ್ರವ ಒಂದೇ ಸಮ ಹರಿಯುವುದಿಲ್ಲ. ಸ್ವಲ್ಪ ಹೊತ್ತು ಬರೀ ನೀರು, ಮತ್ತೆ ತೈಲದ ಒಂದು ಮುದ್ದೆ, ಹೀಗೆ ಬರುತ್ತದೆ. ಬಾವಿಯ ತಲೆಯಲ್ಲಿ ನಲ್ಲಿ ತಿರುಗಿಸಿ ಒಂದು ಬಾಟಲಿ ಹಿಡಿದರೆ ಆ ಗಳಿಗೆಯ ಕಥೆ ಮಾತ್ರ ಬಾಟಲಿಗೆ ಬರುತ್ತದೆ. ಅಡ್ಡ ಪೈಪಿನಲ್ಲಿ ನೀರು ಕೆಳಗೆ, ತೈಲ ಮೇಲೆ ಹರಿಯುವುದರಿಂದ ನಲ್ಲಿ ಪೈಪಿನ ಯಾವ ಪಕ್ಕದಲ್ಲಿದೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ನಲ್ಲಿ ನೆಟ್ಟಗೆ ಏರುವ ಪೈಪಿನಲ್ಲಿರಲಿ, ಹರಿವು ಕಲಕುವ ತಿರುವಿನ ನಂತರ ಇರಲಿ. ದಿನದಲ್ಲಿ ಹಲವು ಸಲ ಸಮ ಅಂತರದಲ್ಲಿ ಹಿಡಿದು ಒಟ್ಟು ಸೇರಿಸಿ. ಬಾಟಲಿಯಲ್ಲಿ ತಾನಾಗಿ ಬೇರ್ಪಟ್ಟ ನೀರನ್ನು ಅಳೆದು ಮುಗಿಯಿತು ಎನ್ನಬೇಡಿ. ತೈಲದೊಳಗೆ ಹನಿಹನಿಯಾಗಿ ಸಿಕ್ಕಿಕೊಂಡ ನೀರು ಉಳಿದಿರುತ್ತದೆ. ಎಮಲ್ಷನ್ ಒಡೆಯುವ ರಾಸಾಯನಿಕದ ಕೆಲವು ಹನಿ ಹಾಕಿ, ಬಿಸಿ ಮಾಡಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಓದಿ.

ಟೆಸ್ಟ್ ಸೆಪರೇಟರಿನಲ್ಲೂ (ಒಂದೊಂದೇ ಬಾವಿಯ ದ್ರವವನ್ನು ಬೇರ್ಪಡಿಸಿ ಅಳೆಯುವ ಪಾತ್ರೆ) ಇದೇ ಎಚ್ಚರ. ಹಿಂದಿನ ಬಾವಿಯ ದ್ರವ ಪೈಪಿನಲ್ಲೂ ಪಾತ್ರೆಯಲ್ಲೂ ಉಳಿದಿರುತ್ತದೆ. ಅದು ಪೂರ್ತಿ ಹೊರಹೋಗುವ ಮುನ್ನ ಎಣಿಸಲು ಶುರು ಮಾಡಿದರೆ ಪಕ್ಕದ ಬಾವಿಯ ವಾಟರ್ ಕಟ್ಟನ್ನೇ ಬರೆದಿರುತ್ತೀರಿ. ಪೈಪು ಮತ್ತು ಪಾತ್ರೆಯ ಒಟ್ಟು ಗಾತ್ರದ ಎರಡು ಮೂರು ಪಟ್ಟು ದ್ರವ ಹರಿದ ಮೇಲೆ ಗಡಿಯಾರ ಒತ್ತಿ.

ಆಮೇಲೆ ದತ್ತಾಂಶ ಸ್ವಚ್ಛ ಮಾಡುವ ಕೆಲಸ. ತಿಂಗಳ ಉತ್ಪಾದನೆಯನ್ನು ಕ್ಯಾಲೆಂಡರ್ ದಿನದಿಂದ ಭಾಗಿಸಿದ್ದೀರೋ, ಬಾವಿ ಓಡಿದ ದಿನದಿಂದಲೋ ನೋಡಿ. ಬಾವಿಯ ಸ್ವಭಾವ ತಿಳಿಯಲು ಎರಡನೆಯದು, ಬಜೆಟ್ಟಿಗೆ ಮೊದಲನೆಯದು. ಎಲ್ಲ ಬಾವಿಗಳ ಟೆಸ್ಟ್ ಮೊತ್ತವನ್ನು ಟ್ಯಾಂಕಿನ ಅಳತೆಗೆ ಹೊಂದಿಸಲು ಬಳಸುವ ಗುಣಕವನ್ನು ಪ್ರತ್ಯೇಕ ಕಾಲಂನಲ್ಲಿ ಇಡಿ. ಅದು ಒಂದು ತಿಂಗಳು 0.95, ಮರುತಿಂಗಳು 0.82 ಎಂದಾದರೆ ಆ ತಿಂಗಳ 'ಇಳಿಕೆ' ನಿಕ್ಷೇಪದ್ದಲ್ಲ, ಮೀಟರಿನದು. ಕೊನೆಗೆ, ಎರಡು ಟೆಸ್ಟುಗಳ ನಡುವೆ ಯಾರೋ ಅಂದಾಜಿನಲ್ಲಿ ತುಂಬಿದ ಸಂಖ್ಯೆಗಳನ್ನು ಗುರುತಿಸಿ ತೆಗೆದುಹಾಕಿ. ಮೂರು ತಿಂಗಳು ಒಂದೇ ವಾಟರ್ ಕಟ್ ದಶಮಾಂಶ ಸಹಿತ ಪುನರಾವರ್ತನೆಯಾಗಿದ್ದರೆ ಅದು ಅಳತೆಯಲ್ಲ, ನಕಲು. ನಿಜವಾದ ಟೆಸ್ಟುಗಳಷ್ಟೇ ಉಳಿದಾಗ ಚುಕ್ಕೆಗಳು ಕಡಿಮೆಯಾಗುತ್ತವೆ, ಗೆರೆ ಮಾತ್ರ ತಾನಾಗಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಬಾವಿಗೊಂದು ಗೆರೆ ಎಳೆಯಬೇಕೋ, ಇಡೀ ನಿಕ್ಷೇಪಕ್ಕೆ ಒಂದು ಸಾಕೋ?

ಉತ್ತರ: ಎರಡೂ ಬೇಕು. ಬಾವಿಗಳ ಮೊತ್ತ ನಿಕ್ಷೇಪದ ಗೆರೆಗೆ ಹೊಂದದಿದ್ದಾಗ ಬಾವಿಗಳ ಕಡೆ ನೋಡಿ. ದಿನಕ್ಕೆ 50 ಘನ ಮೀಟರ್ ಕೊಡುವ ಎರಡು ಬಾವಿಗಳು. ಒಂದರ ಇಳಿಕೆ ವರ್ಷಕ್ಕೆ ಶೇ 40, ಇನ್ನೊಂದರದು ಶೇ 5, ಎರಡೂ ಶುದ್ಧ ಎಕ್ಸ್‌ಪೊನೆನ್ಷಿಯಲ್. ಇಂದು ಎರಡೂ ಸೇರಿದ ಇಳಿಕೆ ಶೇ 22.5. ಐದು ವರ್ಷದ ಮೇಲೆ ಮೊದಲ ಬಾವಿ ಹೆಚ್ಚುಕಡಿಮೆ ಒಣಗಿರುತ್ತದೆ, ಸೇರಿದ ಇಳಿಕೆ ಶೇ 10ರ ಹತ್ತಿರ. ಮೊತ್ತದ ರೇಖೆ ಹೈಪರ್ಬೋಲಿಕ್ ಆಗಿ ಕಂಡರೂ ಒಳಗೆ ಹೈಪರ್ಬೋಲಿಕ್ ಯಾವುದೂ ಇಲ್ಲ. ಹಾಗೆಯೇ ಹೊಸದಾಗಿ ಕೊರೆದ ಬಾವಿಗಳ ತೈಲವನ್ನು ಹಳೆಯವುಗಳ ಜೊತೆ ಬೆರೆಸಬೇಡಿ. ಕೊರೆದ ವರ್ಷವಾರು ಪದರ ಪದರವಾಗಿ ಜೋಡಿಸಿ. ತಳದ ಪದರ ಎಷ್ಟು ವೇಗದಲ್ಲಿ ಕರಗುತ್ತಿದೆ ಎಂಬುದೇ ಮುಂದಿನ ಅಂದಾಜಿನ ಬುನಾದಿ. ಈ ವ್ಯತ್ಯಾಸ ಸಣ್ಣದಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2008ರಲ್ಲಿ ಜಗತ್ತಿನ ಸುಮಾರು 800 ಕ್ಷೇತ್ರಗಳನ್ನು ನೋಡಿ, ಶಿಖರ ದಾಟಿದವುಗಳ ಸರಾಸರಿ ಇಳಿಕೆ ವರ್ಷಕ್ಕೆ ಶೇ 6.7 ಎಂದಿತು, ಹೊಸ ಹೂಡಿಕೆಯ ಫಲವನ್ನು ಕಳೆದರೆ ಅದು ಶೇ 9.

ಪ್ರಶ್ನೆ: ಎರಡು ವರ್ಷ ನೇರ ಹೋಗುತ್ತಿದ್ದ ಅನುಪಾತದ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೆ ತಿರುಗಿದೆ. ಹೊಸ ಇಳಿಜಾರಿನಲ್ಲಿ ಮುಂದುವರಿಸಬೇಕೇ?

ಉತ್ತರ: ಕಾರಣ ತಿಳಿಯುವವರೆಗೆ ಬೇಡ. ನೀರು ಎಲ್ಲಿಂದ ಬಂತು ಎಂಬುದನ್ನು ಪಕ್ಕದ ಇಂಜೆಕ್ಷನ್ ಬಾವಿಯಲ್ಲಿ ಹುಡುಕಿ. 1963ರಲ್ಲಿ ಹಾಲ್ ಕೊಟ್ಟ ಗ್ರಾಫ್ ಇದಕ್ಕೆ ಸುಲಭದ ಸಾಧನ: ಅಡ್ಡ ಅಕ್ಷದಲ್ಲಿ ಒಟ್ಟು ಒತ್ತಿದ ನೀರು, ಲಂಬ ಅಕ್ಷದಲ್ಲಿ ಪ್ರತಿದಿನದ ಒತ್ತಡವನ್ನು ಕೂಡುತ್ತಾ ಹೋದ ಮೊತ್ತ. ಬಾವಿಯ ತಲೆಯ ಒತ್ತಡವನ್ನು ಹಾಗೆಯೇ ಬಳಸುವವರು ಹೆಚ್ಚು. ಬಾವಿಯ ತಳದ ಒತ್ತಡದಿಂದ ನಿಕ್ಷೇಪದ ಒತ್ತಡವನ್ನು ಕಳೆದು ಬಳಸುವುದು ಸರಿ. ಇಲ್ಲದಿದ್ದರೆ ನಿಕ್ಷೇಪದ ಒತ್ತಡ ಏರಿದ್ದೂ ಬಾವಿ ಕಟ್ಟಿದಂತೆ ಕಾಣಬಹುದು. ಗೆರೆ ನೇರ ಇದ್ದರೆ ಬಾವಿ ಮೊದಲಿನಂತೆಯೇ ಇದೆ. ಕಡಿದಾಗಿ ಮೇಲೇರಿದರೆ ಬಂಡೆಯ ಮುಖ ಕಟ್ಟಿಕೊಳ್ಳುತ್ತಿದೆ: ಒತ್ತುವ ನೀರಿನಲ್ಲಿ ಉಳಿದ ತೈಲದ ಹನಿಗಳು, ತುಕ್ಕು, ಬ್ಯಾಕ್ಟೀರಿಯಾದ ಲೋಳೆ, ಅಥವಾ ಲವಣ. ಸಮುದ್ರದ ನೀರನ್ನು ಬೇರಿಯಂ ಇರುವ ಬಂಡೆಯ ನೀರಿಗೆ ಬೆರೆಸಿದರೆ ಬೇರಿಯಂ ಸಲ್ಫೇಟ್ ಕೂರುತ್ತದೆ, ಆಮ್ಲ ಹಾಕಿದರೂ ಅದು ಕರಗುವುದಿಲ್ಲ. ಗೆರೆ ಚಪ್ಪಟೆಯಾಗಿ ವಾಲಿದರೆ ಬಂಡೆ ಸೀಳಿದೆ, ಇಲ್ಲವೇ ನೀರು ಕೇಸಿಂಗಿನ (ಬಾವಿಯ ಗೋಡೆಗೆ ಇಳಿಸಿದ ಉಕ್ಕಿನ ಕೊಳವೆ) ಹಿಂದಿನ ಸಿಮೆಂಟಿನ ಬಿರುಕಿನಿಂದ ಬೇರೆ ಪದರಕ್ಕೆ ಹೋಗುತ್ತಿದೆ. ನಿಮ್ಮ ಅನುಪಾತ ಮೇಲೆ ತಿರುಗಿದ ತಿಂಗಳಲ್ಲೇ ಇಲ್ಲಿ ಗೆರೆ ವಾಲಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಉತ್ಪಾದನಾ ಬಾವಿಯ ಕಡೆಯಿಂದ ನೋಡಲು 1995ರಲ್ಲಿ ಚಾನ್ ಸೂಚಿಸಿದ ದಾರಿಯಿದೆ. ಅನುಪಾತವನ್ನೂ ಅದು ಏರುವ ವೇಗವನ್ನೂ ಕಾಲದ ಎದುರು ಲಾಗ್-ಲಾಗ್ ಗ್ರಾಫಿನಲ್ಲಿ ಇಡಿ. ವೇಗವೂ ಏರುತ್ತಿದ್ದರೆ ಯಾವುದೋ ಸಡಿಲ ಪದರದ ಮೂಲಕ ನೀರು ಕಾಲುವೆ ಮಾಡಿಕೊಂಡಿದೆ. ವೇಗ ಇಳಿಯುತ್ತಿದ್ದರೆ ತಳದ ನೀರು ಶಂಕುವಿನಂತೆ ಮೇಲೆದ್ದಿದೆ. ಆದರೆ ಪದರಗಳು ಬಹಳ ಇರುವ ಕಡೆ ಈ ಗ್ರಾಫ್ ಸುಳ್ಳು ಹೇಳುತ್ತದೆ, ಅಳತೆಯಲ್ಲಿ ಗದ್ದಲವಿದ್ದರೆ ವೇಗದ ಗೆರೆಯಲ್ಲಿ ಬರೀ ಗದ್ದಲವೇ ಉಳಿಯುತ್ತದೆ. ಇದೊಂದನ್ನೇ ನಂಬಿ ಬಾವಿಗೆ ಸಿಮೆಂಟ್ ಹಾಕಿಸಬೇಡಿ. ಯಾವ ಪದರದಿಂದ ಎಷ್ಟು ನೀರು ಬರುತ್ತಿದೆ ಎಂದು ಬಾವಿಯೊಳಗೆ ಅಳೆಯುವ (ಲಾಗಿಂಗ್) ಉಪಕರಣ ಇಳಿಸಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ತೆಗೆದಷ್ಟು ಜಾಗಕ್ಕೆ ನೀರು ತುಂಬುತ್ತಿದ್ದೇವೆ, ಒತ್ತಿದ್ದನ್ನು ತೆಗೆದದ್ದರಿಂದ ಭಾಗಿಸಿದ ಲೆಕ್ಕ 1ಕ್ಕಿಂತ ಹೆಚ್ಚೇ ಇದೆ. ಆದರೂ ಒತ್ತಡವೂ ದ್ರವವೂ ಇಳಿಯುತ್ತಿವೆ.

ಉತ್ತರ: ಲೆಕ್ಕ ಕಾಗದದ ಮೇಲೆ ಸರಿ ಇರಬಹುದು. ದಿನಕ್ಕೆ 100 ಘನ ಮೀಟರ್ ತೈಲ, ನೆಲದಡಿ ಅದರ ಗಾತ್ರ 1.2 ಪಟ್ಟು ಎಂದರೆ 120, ನೀರು 900, ಒಟ್ಟು 1,020. ಒತ್ತಿದ್ದು 1,100. ಭಾಗಿಸಿದರೆ 1.08. ಒತ್ತಿದ ನೀರಿನಲ್ಲಿ ಐದರಲ್ಲೊಂದು ಪಾಲು ಬೇರೆ ಪದರಕ್ಕೋ ಕ್ಷೇತ್ರದ ಗಡಿಯಾಚೆಗೋ ಹೋಗಿದ್ದರೆ ಉಪಯೋಗಕ್ಕೆ ಬಂದದ್ದು 880. ಆಗ ಲೆಕ್ಕ 0.86. ಇಡೀ ಕ್ಷೇತ್ರದ ಒಂದೇ ಸಂಖ್ಯೆಯನ್ನು ನಂಬದೆ ಇಂಜೆಕ್ಷನ್ ಬಾವಿಯ ಸುತ್ತಲಿನ ಪ್ರತಿ ಗುಂಪಿಗೂ, ಸಾಧ್ಯವಿದ್ದರೆ ಪ್ರತಿ ಪದರಕ್ಕೂ ಬೇರೆ ಲೆಕ್ಕ ಹಾಕಿ. ಕರಗಿರದ ಅನಿಲ ಹೊರಬರುತ್ತಿದ್ದರೆ ಅದರ ಗಾತ್ರವನ್ನೂ ಸೇರಿಸಬೇಕು. ಅದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಪೂರ್ಣ ಸಿಮ್ಯುಲೇಷನ್ ಮಾದರಿ ಕಟ್ಟುವಷ್ಟು ಮಾಹಿತಿ ಇಲ್ಲ. ಒತ್ತುವ ನೀರಿನ ಪರಿಣಾಮವನ್ನು ಅಂದಾಜಿಗೆ ಸೇರಿಸುವ ಸರಳ ದಾರಿ ಇದೆಯೇ?

ಉತ್ತರ: ಇದೆ. ಕೆಪಾಸಿಟನ್ಸ್-ರೆಸಿಸ್ಟನ್ಸ್ ಮಾದರಿ, ಬಳಕೆಯಲ್ಲಿ ಸಿಆರ್‌ಎಂ. ಇದಕ್ಕೆ ಬೇಕಾದದ್ದು ಇಂಜೆಕ್ಷನ್ ದರ, ದ್ರವದ ದರ, ಸಿಕ್ಕರೆ ಬಾವಿಯ ತಳದ ಒತ್ತಡ, ಅಷ್ಟೇ. ಪ್ರತಿ ಜೋಡಿ ಬಾವಿಗೆ ಒಂದು ಪಾಲು: ಈ ಇಂಜೆಕ್ಷನ್ ಬಾವಿಯ ನೀರಿನಲ್ಲಿ ಎಷ್ಟು ಭಾಗ ಆ ಉತ್ಪಾದನಾ ಬಾವಿಗೆ ತಲುಪುತ್ತದೆ. ಪ್ರತಿ ಉತ್ಪಾದನಾ ಬಾವಿಗೆ ಒಂದು ಕಾಲಾಂಕ: ಒತ್ತಿದ ಬದಲಾವಣೆ ಎಷ್ಟು ತಡವಾಗಿ ಕಾಣುತ್ತದೆ. ಕಾಲಾಂಕ 20 ದಿನ ಎಂದರೆ ಪರಿಣಾಮದ ಶೇ 63ರಷ್ಟು 20 ದಿನದಲ್ಲಿ ಕಂಡುಬರುತ್ತದೆ.

ಒಂದು ಇಂಜೆಕ್ಷನ್ ಬಾವಿಯ ಎಲ್ಲ ಪಾಲುಗಳ ಮೊತ್ತ 1 ಮೀರಬಾರದು, ಯಾವುದೂ ಸೊನ್ನೆಗಿಂತ ಕೆಳಗಿಳಿಯಬಾರದು. ಈ ಎರಡು ಕಟ್ಟುಪಾಡು ಹಾಕದೆ ಓಡಿಸಿದರೆ ಕಂಪ್ಯೂಟರು ನಗೆಪಾಟಲಿನ ಉತ್ತರ ಕೊಡುತ್ತದೆ. ಮೊತ್ತ 0.7ಕ್ಕೆ ನಿಂತರೆ ಉಳಿದ 0.3 ಸೋರಿಕೆ. ಹಿಂದಿನ ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಲಿ. 8 ಇಂಜೆಕ್ಷನ್ ಬಾವಿ, 10 ಉತ್ಪಾದನಾ ಬಾವಿ ಇದ್ದರೆ 80 ಪಾಲು, 10 ಕಾಲಾಂಕ, 10 ಆರಂಭದ ದರ. ಒಟ್ಟು 100 ಅಜ್ಞಾತಗಳು. ಐದು ವರ್ಷದ ತಿಂಗಳವಾರು ದತ್ತಾಂಶ 600 ಸಂಖ್ಯೆ ಕೊಡುತ್ತದೆ. ಸಾಕು ಅನ್ನಿಸುತ್ತದೆ, ಆದರೆ ಇಂಜೆಕ್ಷನ್ ಬಾವಿಗಳ ದರ ಯಾವತ್ತೂ ಬದಲಾಗದಿದ್ದರೆ, ಅಥವಾ ಒಂದೇ ಪಂಪಿನಿಂದ ಎಲ್ಲವೂ ಒಟ್ಟಿಗೆ ಏರಿಳಿದಿದ್ದರೆ, ಯಾವ ನೀರು ಎಲ್ಲಿಗೆ ಹೋಯಿತೆಂದು ಯಾವ ಗಣಿತಕ್ಕೂ ಹೇಳಲಾಗದು. ದೂರದ ಬಾವಿಗಳ ಜೋಡಿಗಳಿಗೆ ಸೊನ್ನೆ ಎಂದು ಮೊದಲೇ ಕಟ್ಟಿಹಾಕಿ, ಅಜ್ಞಾತಗಳು ಅರ್ಧಕ್ಕರ್ಧ ಕಡಿಮೆಯಾಗಬಹುದು. ಈ ಮಾದರಿ ಕೊಡುವುದು ದ್ರವದ ದರವನ್ನು ಮಾತ್ರ. ತೈಲಕ್ಕೆ ಬಾವಿಯವಾರು ಅನುಪಾತದ ಗೆರೆಯನ್ನು ಜೊತೆಗೆ ಬಳಸಬೇಕು.

ಪ್ರಶ್ನೆ: ಯಂತ್ರಕಲಿಕೆಯ ಮಾದರಿಗೆ ಹತ್ತು ವರ್ಷದ ತೈಲದ ದರ ಕೊಟ್ಟೆವು, ಪರೀಕ್ಷೆಯಲ್ಲಿ ಶೇ 97 ನಿಖರತೆ ಬಂತು. ನಂಬಬಹುದೇ?

ಉತ್ತರ: ಪರೀಕ್ಷೆಯ ತಿಂಗಳುಗಳನ್ನು ಹೇಗೆ ಆರಿಸಿದಿರಿ? ಹತ್ತು ವರ್ಷದಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿದ್ದರೆ ಮಾದರಿ ಮುನ್ನೋಡಿಲ್ಲ, ಎರಡು ತಿಳಿದ ತಿಂಗಳುಗಳ ನಡುವಿನ ಖಾಲಿ ಜಾಗ ತುಂಬಿದೆ. ಕೊನೆಯ ಎರಡು ವರ್ಷವನ್ನು ಪೂರ್ತಿ ಮುಚ್ಚಿಟ್ಟು ಓಡಿಸಿ. ಆಗಲೂ ಒಂದು ಹಾರ್ಮೋನಿಕ್ ಗೆರೆಗಿಂತ ಚೆನ್ನಾಗಿ ಬಂದರೆ ಮುಂದಿನ ಮಾತು. ಪ್ರತಿ ತಿಂಗಳು ಹಿಂದಿನ ತಿಂಗಳ ನಿಜ ದರವನ್ನು ಕೊಟ್ಟು ಮುಂದಿನ ತಿಂಗಳು ಕೇಳುತ್ತಿದ್ದೀರಾ ಎಂಬುದನ್ನೂ ನೋಡಿ. ನಿನ್ನೆಯ ದರವನ್ನೇ ನಾಳೆಗೂ ಬರೆದರೆ ಯಾರಿಗಾದರೂ ಶೇ 97 ಬರುತ್ತದೆ. ಇಂಜೆಕ್ಷನ್ ದರ, ಪಂಪು ಬದಲಿಸಿದ ದಿನಾಂಕ, ಬಾವಿ ನಿಂತ ದಿನಗಳು ಇವನ್ನು ಕೊಡದೆ ಬರೀ ತೈಲದ ದರ ಉಣಿಸಿದ ಮಾದರಿ ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆ.

ಪ್ರಶ್ನೆ: ವಾಟರ್ ಕಟ್ ಏರುತ್ತಿದ್ದರೂ ತೈಲ ಇಳಿಯದ ಕ್ಷೇತ್ರ ಇದೆಯೇ?

ಉತ್ತರ: ಚೀನಾದ ಡಾಚಿಂಗ್. 1959ರಲ್ಲಿ ಸಿಕ್ಕ ಆ ಕ್ಷೇತ್ರ 1976ರಿಂದ 2002ರವರೆಗೆ 27 ವರ್ಷ ಸತತವಾಗಿ ವರ್ಷಕ್ಕೆ 5 ಕೋಟಿ ಟನ್ನಿಗಿಂತ ಹೆಚ್ಚು ತೈಲ ಕೊಟ್ಟಿತು. ಆ ಅವಧಿಯುದ್ದಕ್ಕೂ ವಾಟರ್ ಕಟ್ ಏರುತ್ತಲೇ ಇತ್ತು. ದ್ರವವನ್ನು ಹೆಚ್ಚೆಚ್ಚು ಎತ್ತಿದರು, ನಡುನಡುವೆ ಹೊಸ ಬಾವಿ ಕೊರೆದರು, ಪದರವಾರು ನೀರು ಒತ್ತಿದರು, 1990ರ ದಶಕದ ನಡುವಿನಿಂದ ಪಾಲಿಮರ್ ಬೆರೆಸಿದ ದಪ್ಪ ನೀರನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಆ 27 ವರ್ಷದ ತೈಲದ ದರವನ್ನಷ್ಟೇ ಗ್ರಾಫಿಗೆ ಹಾಕಿದ್ದರೆ ಇಳಿಕೆ ಸೊನ್ನೆ ಎಂದು ಬರುತ್ತಿತ್ತು. ಸಮತಟ್ಟಾದ ತೈಲದ ಗೆರೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಪ್ರಶ್ನೆ: ಆಡಳಿತದವರು ಒಂದೇ ಸಂಖ್ಯೆ ಕೇಳುತ್ತಾರೆ. ಯಾವುದನ್ನು ಕೊಡಬೇಕು?

ಉತ್ತರ: ಒಂದನ್ನು ಕೊಡಿ, ಆದರೆ ಅದರ ಎರಡು ಬದಿಯ ಅಂತರವನ್ನೂ ಪಕ್ಕದಲ್ಲಿ ಬರೆಯಿರಿ. ಅಂತರವನ್ನು ಊಹಿಸಬೇಕಿಲ್ಲ, ಹಿಂದಿನ ತಪ್ಪುಗಳಿಂದಲೇ ಅಳೆಯಬಹುದು. ಎರಡು ವರ್ಷ ಹಿಂದಕ್ಕೆ ಹೋಗಿ, ಅಂದಿನವರೆಗಿನ ದತ್ತಾಂಶ ಮಾತ್ರ ಇಟ್ಟುಕೊಂಡು ಇಂದಿನವರೆಗೆ ಅಂದಾಜು ಮಾಡಿ. ಮೂರು ವರ್ಷ, ನಾಲ್ಕು ವರ್ಷ ಹಿಂದಿನಿಂದಲೂ ಅದನ್ನೇ ಮಾಡಿ. ಪ್ರತಿ ಸಲವೂ ದ್ರವದ ದರದಲ್ಲಿ ಎಷ್ಟು ತಪ್ಪಿತು, ವಾಟರ್ ಕಟ್ಟಿನಲ್ಲಿ ಎಷ್ಟು ತಪ್ಪಿತು ಎಂದು ಎರಡು ಬೇರೆ ಕಾಲಂ ಮಾಡಿ. ತಪ್ಪು ಹೆಚ್ಚಾಗಿ ದ್ರವದ ಕಾಲಂನಲ್ಲಿದ್ದರೆ ಹೊಸ ಸೂತ್ರ ಹುಡುಕಿ ಫಲವಿಲ್ಲ. ಪಂಪುಗಳು ಎಷ್ಟು ದಿನಕ್ಕೊಮ್ಮೆ ಕೆಡುತ್ತಿವೆ, ರಿಪೇರಿ ತಂಡ ಬರಲು ಎಷ್ಟು ದಿನ ಹಿಡಿಯುತ್ತಿದೆ, ಮುಂದಿನ ವರ್ಷ ಒತ್ತುವ ನೀರು ದಿನಕ್ಕೆ ಎಷ್ಟು ಘನ ಮೀಟರ್ ಎಂದು ಯಾರು ಒಪ್ಪಿದ್ದಾರೆ, ಇವನ್ನು ಬರೆಸಿಕೊಂಡು ಅದೇ ಹಾಳೆಯ ಮೇಲೆ ಸಂಖ್ಯೆಯ ಕೆಳಗೆ ನಮೂದಿಸಿ. ಆ ದರ ಬದಲಾದ ದಿನ ಅಂದಾಜನ್ನೂ ಹೊಸದಾಗಿ ಮಾಡಿ.